ಹೊಡೆತಕ್ಕೆ ಮುನ್ನ ನಿಲುವು

2021ರ ಆಗಸ್ಟ್ 7ರಂದು ಜಪಾನಿನ ಕಾಸುಮಿಗಾಸೆಕಿ ಮೈದಾನದಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಅವರಿಗೆ ಒಲಿಂಪಿಕ್ ಪದಕ ಒಂದೇ ಹೊಡೆತದ ಅಂತರದಲ್ಲಿ ಕೈತಪ್ಪಿತು. ನಾಲ್ಕು ದಿನಗಳ ಗಾಲ್ಫ್ ಆಟದ ಕೊನೆಗೆ ಅವರ ಹೊಡೆತಗಳ ಎಣಿಕೆ 269. ಕಂಚು ಪಡೆದ ನ್ಯೂಜಿಲೆಂಡಿನ ಲಿಡಿಯಾ ಕೋ ಅವರದು 268. ಈ ಆಟದಲ್ಲಿ ಎಣಿಕೆ ಕಡಿಮೆಯಾದಷ್ಟೂ ಮೇಲು. ಆಗ ವಿಶ್ವದ ಕ್ರಮಾಂಕದಲ್ಲಿ 200ನೆಯವರಾಗಿದ್ದ, ಚೆಂಡನ್ನು ಬಹುದೂರ ಅಟ್ಟುವವರ ಸಾಲಿಗೆ ಸೇರದ ಈ ತರುಣಿ ಅಷ್ಟು ಎತ್ತರಕ್ಕೆ ಏರಿದ್ದು ತೋಳ್ಬಲದಿಂದಲ್ಲ, ಗುರಿಯ ನಿಖರತೆಯಿಂದ.

ಅಂದು ಅವರ ಚೀಲವನ್ನು ಹೊತ್ತು ಜೊತೆಗೆ ನಡೆದ ಕ್ಯಾಡಿ ಬೇರಾರೂ ಅಲ್ಲ, ತಾಯಿ ಮಾಹೇಶ್ವರಿ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಆ ಕೆಲಸ ತಂದೆ ಅಶೋಕ್ ಅವರದಾಗಿತ್ತು. ತಾಯಿ ಯಾವ ಕೋಲನ್ನು ಆರಿಸಬೇಕೆಂದು ಸಲಹೆ ಕೊಡಬಹುದು, ಗಾಳಿಯ ದಿಕ್ಕನ್ನು ಹೇಳಬಹುದು, ನೀರು ಕೊಡಬಹುದು. ಆದರೆ ಮಗಳು ಚೆಂಡಿನ ಮುಂದೆ ಕಾಲೂರಲು ತೊಡಗಿದಳೆಂದರೆ, ತಾಯಿ ಚೆಂಡಿನ ಹಿಂದೆ, ಗುರಿಯ ನೇರಕ್ಕೆ ನಿಲ್ಲುವಂತಿಲ್ಲ. 2019ರಲ್ಲಿ ಜಾರಿಗೆ ಬಂದ ನಿಯಮವಿದು. ಅದಕ್ಕೆ ಮೊದಲು ಅನೇಕ ಆಟಗಾರರನ್ನು, ವಿಶೇಷವಾಗಿ ಮಹಿಳೆಯರ ಪಂದ್ಯಗಳಲ್ಲಿ, ಕ್ಯಾಡಿಗಳೇ ಹಿಂದೆ ನಿಂತು ‘ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ’ ಎಂದು ತಿದ್ದಿ ನಿಲ್ಲಿಸುತ್ತಿದ್ದರು. ನಿಯಮ ಬಂದ ತಿಂಗಳಲ್ಲೇ ದುಬೈಯ ಪಂದ್ಯದ ಕೊನೆಯ ಗುಳಿಯಲ್ಲಿ ಚೀನಾದ ಲಿ ಹಾವೊಟೊಂಗ್ ಅವರಿಗೆ ಎರಡು ಹೊಡೆತಗಳ ದಂಡ ಬಿತ್ತು. ಮೂರನೆಯ ಸ್ಥಾನದ ಸಮೀಪದಲ್ಲಿದ್ದವರು ಹನ್ನೆರಡಕ್ಕೆ ಇಳಿದರು. ಆ ದಂಡ ಕಠಿಣವಾಯಿತೆಂಬ ಗದ್ದಲವೆದ್ದು, ಕಾಲು ತೆಗೆದು ಹಿಂದೆ ಸರಿದು ಹೊಸದಾಗಿ ನಿಂತರೆ ದಂಡವಿಲ್ಲವೆಂಬ ಸ್ಪಷ್ಟನೆ ಮರುತಿಂಗಳು ಬಂದಿತು. ಆದರೂ ನಿಯಮದ ತಿರುಳು ಯುಕ್ತವಾದುದೆಂದೇ ನನ್ನ ಅಭಿಪ್ರಾಯ. ಗುರಿಗೆ ಎದುರಾಗಿ ನಿಲ್ಲುವುದೂ ಆಟದ ಕೌಶಲವೇ. ಅದನ್ನು ಸಾಲ ಪಡೆಯಲಾಗದು.

ಇಷ್ಟು ಬಿಗಿ ಏತಕ್ಕೆಂದು ಕೇಳುವ ಮಕ್ಕಳು ಗಣಿತದ ಪುಸ್ತಕ ತೆರೆಯಲಿ. ಚೆಂಡು ಹೊರಡುವ ದಿಕ್ಕು ಒಂದೇ ಡಿಗ್ರಿ ತಪ್ಪಿದರೂ 200 ಮೀಟರ್ ದೂರದಲ್ಲಿ ಅದು ಸುಮಾರು ಮೂರೂವರೆ ಮೀಟರ್ ಪಕ್ಕಕ್ಕೆ ಬೀಳುತ್ತದೆ. ಐದು ಡಿಗ್ರಿ ತಪ್ಪಿದರೆ ಹದಿನೇಳು ಮೀಟರಿಗೂ ಹೆಚ್ಚು. ಗುಳಿಯ ಅಗಲವಾದರೋ 108 ಮಿಲಿಮೀಟರ್ ಮಾತ್ರ! ನಿಲುವು ತಪ್ಪಿದವನ ಹೊಡೆತ ಎಷ್ಟು ಸೊಗಸಾಗಿದ್ದರೂ ಚೆಂಡು ಪೊದೆಗೇ ಹೋಗುತ್ತದೆ. ನಮ್ಮ ಜಿಲ್ಲೆಯ ನೇಕಾರ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಹಾಸು ಓರೆಯಾಗಿದ್ದರೆ ಲಾಳಿ ಎಷ್ಟು ಚುರುಕಾಗಿ ಓಡಿದರೂ ಬಟ್ಟೆ ನೇರವಾಗದು.

ಚೆಂಡಿಗೆ ಎದುರಾಗಿ ಸಜ್ಜಾಗಿ ನಿಲ್ಲುವುದನ್ನು ಆಟಗಾರರು ‘ಅಡ್ರೆಸ್’ ಎನ್ನುತ್ತಾರೆ. ಅಂಚೆಯ ವಿಳಾಸಕ್ಕೂ ಅದಕ್ಕೂ ಸಂಬಂಧವಿಲ್ಲವಾದರೂ, ವಿಳಾಸ ತಪ್ಪಿದ ಕಾಗದದ ಗತಿಯೇ ಇಲ್ಲಿ ಚೆಂಡಿಗೂ ಆಗುತ್ತದೆ.

ಕ್ರಮ ಹೀಗಿದೆ. ಮೊದಲು ಚೆಂಡಿನ ಹಿಂದೆ ನಿಂತು ಗುರಿಯನ್ನು ನೋಡಬೇಕು. ದೂರದ ಗುರಿಯನ್ನು ಪಕ್ಕದಿಂದ ಅಳೆಯುವುದು ಕಣ್ಣಿಗೆ ಕಷ್ಟ. ಆದುದರಿಂದ ಅದೇ ನೇರದಲ್ಲಿ, ಚೆಂಡಿಗೆ ಒಂದೆರಡು ಅಡಿ ಮುಂದೆ, ಒಂದು ಒಣ ಎಲೆಯನ್ನೋ ಹುಲ್ಲು ಕಿತ್ತ ಗುರುತನ್ನೋ ಆರಿಸಿಕೊಳ್ಳಬೇಕು. ಅಮೆರಿಕದ ಜ್ಯಾಕ್ ನಿಕ್ಲಾಸ್ ಜೀವನವಿಡೀ ಅನುಸರಿಸಿದ ಉಪಾಯವಿದು. ಬಳಿಕ ಕೋಲಿನ ಮುಖವನ್ನು ಆ ಗುರುತಿಗೆ ನೇರವಾಗಿ ಇಡಬೇಕು. ಪಾದಗಳ ಸರದಿ ಅನಂತರವೇ. ಹೊಸಬರು ಇದನ್ನು ತಿರುವುಮುರುವು ಮಾಡುತ್ತಾರೆ.

ಇನ್ನೊಂದು ಭ್ರಮೆ ಇನ್ನೂ ಹಳೆಯದು: ಭುಜಗಳೂ ಪಾದಗಳೂ ಗುರಿಯನ್ನೇ ತೋರಿಸಬೇಕೆಂಬುದು. ಪೋತನೂರು ನಿಲ್ದಾಣದ ಹಳಿಗಳನ್ನು ನೆನೆಯಿರಿ. ಚೆಂಡೂ ಗುರಿಯೂ ಬಲಹಳಿಯ ಮೇಲೆ; ಬಲಗೈ ಆಟಗಾರನ ಪಾದಗಳು ಎಡಹಳಿಯ ಮೇಲೆ. ಹಳಿಗಳು ಎಲ್ಲಿಯೂ ಕೂಡುವುದಿಲ್ಲ. ಪಾದಗಳ ರೇಖೆಯನ್ನು ಗುರಿಗೇ ಕೂಡಿಸಲು ಹೋದರೆ ಕೋಲಿನ ಮುಖ ಗುರಿಯ ಬಲಕ್ಕೆ ತಿರುಗಿಬಿಡುತ್ತದೆ.

ದೇಹ ಬಾಗುವುದು ಸೊಂಟದ ಕೀಲಿನಿಂದ; ಬೆನ್ನು ಗೂನಾಗಬಾರದು. ಮಂಡಿಗಳು ತುಸು ಸಡಿಲ, ಭಾರ ಹಿಮ್ಮಡಿಯ ಮೇಲಲ್ಲದೆ ಅಂಗಾಲಿನ ಮುಂಭಾಗದತ್ತ, ತೋಳುಗಳು ಭುಜದಿಂದ ತಾವಾಗಿ ಜೋತುಬಿದ್ದಂತೆ. ಕೋಲು ಅಂಗೈಯ ನಡುವಿನಲ್ಲಲ್ಲ, ಬೆರಳುಗಳ ಬುಡದಲ್ಲಿ ಕೂರಬೇಕು. ಹಿಡಿತ ಬಿಗಿಯಾದಷ್ಟೂ ತೋಳು ಕಟ್ಟಿಹೋಗುತ್ತದೆ. ಉದ್ದನೆಯ ಡ್ರೈವರ್ ಕೋಲಿಗೆ ಚೆಂಡು ಎಡ ಹಿಮ್ಮಡಿಯ ನೇರದಲ್ಲಿರಬೇಕು, ಏಕೆಂದರೆ ಗೂಟದ ಮೇಲಿನ ಆ ಚೆಂಡನ್ನು ಕೋಲು ಮೇಲೇರುವಾಗ ತಾಗಬೇಕು. ಹುಲ್ಲಿನ ಮೇಲಿನ ಚೆಂಡನ್ನು ಗಿಡ್ಡ ಕೋಲಿನಿಂದ ಹೊಡೆಯುವಾಗ ಅದು ಪಾದಗಳ ನಡುವೆ ಇರುತ್ತದೆ. ಅಲ್ಲಿ ಕೋಲು ಇನ್ನೂ ಇಳಿಯುತ್ತಿರುತ್ತದೆ.

ಕೊಯಮತ್ತೂರಿನ ಚೆಟ್ಟಿಪಾಳ್ಯದಲ್ಲಿ ಹದಿನೆಂಟು ಗುಳಿಗಳ ಗಾಲ್ಫ್ ಮೈದಾನವಿದೆ. ಪಕ್ಕದಲ್ಲೇ ಮೋಟಾರು ಪಂದ್ಯದ ಕರಿ ಮೈದಾನ. ಸದಸ್ಯತ್ವ, ಕೋಲುಗಳು, ಚೆಂಡುಗಳು ಎಂದು ಲೆಕ್ಕ ಹಾಕಿದರೆ ನಮ್ಮ ಕನ್ನಡ ಶಾಲೆಗಳ ಬಹುಪಾಲು ಪಾಲಕರಿಗೆ ಆ ಗೇಟು ದೂರವೇ. ಈ ಮಾತನ್ನು ಮುಚ್ಚಿಡುವುದು ಸರಿಯಲ್ಲ. ಆದರೂ ಬಿಡದಿಯ ಬಳಿಯ ಗಾಲ್ಫ್ ಮೈದಾನದ ನೆರೆಹಳ್ಳಿಯಲ್ಲಿ ಬೆಳೆದು, ಅಲ್ಲಿ ಚೆಂಡು ಹೆಕ್ಕುವ ಹುಡುಗನಾಗಿದ್ದ ಎಸ್. ಚಿಕ್ಕರಂಗಪ್ಪ ದೇಶದ ಹೆಸರಾಂತ ವೃತ್ತಿಪರ ಆಟಗಾರರಲ್ಲಿ ಒಬ್ಬರಾದರು. ನಿಲುವಿಗೆ ಮಾತ್ರ ಯಾವ ಶುಲ್ಕವೂ ಇಲ್ಲ.

ಅದನ್ನು ಮನೆಯ ಅಂಗಳದಲ್ಲಿ ಕಲಿಯಬಹುದು. ಎರಡು ಪೊರಕೆ ಕಡ್ಡಿಗಳನ್ನು ಹಳಿಗಳಂತೆ ನೆಲದ ಮೇಲಿಡಿ. ಮಗು ಒಂದು ಕೋಲು ಹಿಡಿದು ಎಡಹಳಿಯ ಮೇಲೆ ನಿಲ್ಲಲಿ, ಗುರಿ ನೋಡಲಿ, ಪಾದ ತೆಗೆಯಲಿ, ಮತ್ತೆ ನಿಲ್ಲಲಿ. ಕೋಲು ಬೀಸುವುದು ಬೇಡ. ಅದಕ್ಕೆ ಸುತ್ತಲೂ ಯಾರೂ ಇಲ್ಲದ ಬಯಲು ಬೇಕು, ತಮ್ಮತಂಗಿಯರು ಓಡಾಡುವ ಅಂಗಳವಲ್ಲ. ಪಂದ್ಯದಲ್ಲಿ ಒಂದು ಹೊಡೆತಕ್ಕೆ 40 ಸೆಕೆಂಡು ಮೀರದಿರಲೆಂದು ನಿಯಮಗಳ ಪುಸ್ತಕ ಸಲಹೆ ಮಾಡುವುದರಿಂದ ಗಡಿಯಾರವೂ ಪಕ್ಕದಲ್ಲಿರಲಿ. ಅಪ್ಪನೋ ಅಮ್ಮನೋ ಹಿಂದೆ ನಿಂತು ಮೊಬೈಲಿನಲ್ಲಿ ಒಂದು ಚಿತ್ರ ತೆಗೆದು ತೋರಿಸಿದರೆ, ಭುಜ ಎತ್ತ ತಿರುಗಿದೆಯೆಂಬುದು ಮಗುವಿಗೇ ಕಾಣುತ್ತದೆ. ಅಭ್ಯಾಸದಲ್ಲಿ ಹಿಂದೆ ನಿಲ್ಲಲು ಯಾವ ನಿಯಮವೂ ಅಡ್ಡಬಾರದು. ಪಂದ್ಯದ ದಿನ ಚೀಲ ಹೊತ್ತವರು ಪಕ್ಕಕ್ಕೆ ಸರಿಯಬೇಕು.