ಡೆಹ್ರಾಡೂನಿನಿಂದ ಕಡಲಿನ ಸುದ್ದಿ

ಡೆಹ್ರಾಡೂನಿನಿಂದ ಹತ್ತಿರದ ಸಮುದ್ರವೇ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ. ಹಿಮಾಲಯದ ತಪ್ಪಲಿನ ಆ ಊರಿನ ಹೆಸರು ಹೇಳಿದರೆ ಬಾಸ್ಮತಿ ಅಕ್ಕಿ, ಸೇನಾ ಅಕಾಡೆಮಿ, ಮಸ್ಸೂರಿಗೆ ಹತ್ತುವ ತಿರುವುದಾರಿ ನೆನಪಾಗುತ್ತವೆಯೇ ಹೊರತು ಹಡಗಲ್ಲ. ಆದರೆ ಲಕ್ಷದ್ವೀಪದ ಆಚೆ ಕಂಟೈನರೊಂದು ತೇಲುತ್ತಿದ್ದರೆ, ಶ್ರೀಲಂಕಾದ ಕಡೆ ದೀಪಸ್ತಂಭವೊಂದು ಆರಿದ್ದರೆ, ಬಂಗಾಳಕೊಲ್ಲಿಯಲ್ಲಿ ಕ್ಷಿಪಣಿ ಪರೀಕ್ಷೆಯಿದ್ದರೆ ಅದನ್ನು ದಾರಿಯಲ್ಲಿರುವ ಹಡಗುಗಳಿಗೆ ಮುಟ್ಟಿಸುವ ಕೆಲಸ ಅಲ್ಲಿನ ರಾಜಪುರ ರಸ್ತೆಯ ನ್ಯಾಷನಲ್ ಹೈಡ್ರೋಗ್ರಾಫಿಕ್ ಆಫೀಸಿನದು. 1874ರಲ್ಲಿ ಕಲ್ಕತ್ತಾದಲ್ಲಿ ಮರೀನ್ ಸರ್ವೆ ಇಲಾಖೆಯಾಗಿ ಹುಟ್ಟಿ, 1954ರಲ್ಲಿ ಬೆಟ್ಟದ ಬುಡಕ್ಕೆ ಬಂದ ಕಚೇರಿ ಇದು. ನಡೆಸುವವರು ನೌಕಾಪಡೆಯವರು. ಕಡಲಿನ ನಕ್ಷೆ ತಯಾರಿಸುವುದು ಮೂಲ ಕಸುಬು. ನಕ್ಷೆ ಅಚ್ಚಾದ ಮೇಲೆ ಕಡಲಿನಲ್ಲಿ ಏನೇನು ಬದಲಾಯಿತು ಎಂದು ಹೇಳುತ್ತಲೇ ಇರುವುದು ಅದರ ಬೆನ್ನಿಗೆ ಬಂದ ಹೊಣೆ.

ಈ ಹೊಣೆಯನ್ನು ಜಗತ್ತಿನ ದೇಶಗಳು 1970ರ ದಶಕದಲ್ಲಿ ಹಂಚಿಕೊಂಡವು. ಇಡೀ ಸಮುದ್ರವನ್ನು 16 ವಲಯಗಳಾಗಿ ವಿಂಗಡಿಸಿ, ಪ್ರತಿಯೊಂದನ್ನೂ ಒಂದು ದೇಶಕ್ಕೆ ಒಪ್ಪಿಸಲಾಯಿತು. ಮುಂದೆ ಆರ್ಕ್ಟಿಕ್ ಹಿಮ ಕರಗಿ ಅಲ್ಲೂ ಹಡಗು ಓಡಾಡತೊಡಗಿದಾಗ ಇನ್ನೈದು ಸೇರಿ ಈಗ 21 ಆಗಿವೆ. ಇವಕ್ಕೆ ನ್ಯಾವ್‌ಏರಿಯಾ ಎಂದು ಹೆಸರು. ಎಂಟನೆಯದು ಭಾರತದ ಪಾಲು, ಒಂಬತ್ತನೆಯದು ಪಾಕಿಸ್ತಾನದ್ದು. ಕೊಲ್ಲಿಯಿಂದ ಕಚ್ಚಾತೈಲ ತುಂಬಿಕೊಂಡು ಮಂಗಳೂರಿನ ಎಂಆರ್‌ಪಿಎಲ್ ತೈಲ ಸಂಸ್ಕರಣಾಗಾರಕ್ಕೆ ಹೊರಟ ಟ್ಯಾಂಕರೊಂದು ಮೊದಲರ್ಧ ದಾರಿಯಲ್ಲಿ ಕರಾಚಿಯ ಎಚ್ಚರಿಕೆಗಳನ್ನು ಕೇಳುತ್ತದೆ, ಗೆರೆ ದಾಟಿದ ಮೇಲೆ ಡೆಹ್ರಾಡೂನಿನದನ್ನು. ದಡದಲ್ಲಿ ಎರಡು ದೇಶಗಳ ನಡುವೆ ಮಾತುಕತೆ ನಿಂತುಹೋದ ದಿನಗಳಲ್ಲೂ ಕಡಲಿನಲ್ಲಿ ಈ ಏರ್ಪಾಡು ಉಳಿದಿದೆ. ಹವಾಮಾನದ ಮುನ್ನೆಚ್ಚರಿಕೆ ಮಾತ್ರ ಬೇರೆ ಬಾಗಿಲಿನಿಂದ, ದೆಹಲಿಯ ಹವಾಮಾನ ಇಲಾಖೆಯಿಂದ ಬರುತ್ತದೆ.

ಟ್ಯಾಂಕರಿಗೆ ಇದೆಲ್ಲ ತಲುಪುವುದು ಎರಡು ದಾರಿಯಲ್ಲಿ. ದಡದಿಂದ ದೂರವಿದ್ದಾಗ ಉಪಗ್ರಹದ ಮೂಲಕ. ಇನ್ಮಾರ್‌ಸ್ಯಾಟ್‌ನ ಸೇಫ್ಟಿನೆಟ್ ಇದರಲ್ಲಿ ಹಳೆಯದು. 2020ರಿಂದ ಇರಿಡಿಯಂ ಕೂಡ ಜೊತೆಗೂಡಿದೆ. ದಡಕ್ಕೆ ಹತ್ತಿರ ಬಂದಾಗ, ರೇಡಿಯೋದಲ್ಲಿ ಬಂದ ಸಂದೇಶವನ್ನು ತಾನೇ ಮುದ್ರಿಸುವ ನ್ಯಾವ್‌ಟೆಕ್ಸ್. ಈ ಎರಡನೆಯದರ ಬಗ್ಗೆ ನಿಂತು ಹೇಳಬೇಕು, ಯಾಕೆಂದರೆ ಇಷ್ಟು ಸರಳವಾದ, ಇಷ್ಟು ಹಟಮಾರಿಯಾದ ಯಂತ್ರ ಹಡಗಿನಲ್ಲಿ ಮತ್ತೊಂದಿಲ್ಲ.

ನ್ಯಾವ್‌ಟೆಕ್ಸ್ ಹೊರಡುವುದು 518 ಕಿಲೋಹರ್ಟ್ಸ್‌ನಲ್ಲಿ. ಬೆಂಗಳೂರು ಆಕಾಶವಾಣಿಯನ್ನು 612ರಲ್ಲಿ ಕೇಳಿದ ತಲೆಮಾರಿನವರಿಗೆ ಅದು ಎಲ್ಲಿದೆಯೆಂದು ಹೊಳೆಯುತ್ತದೆ: ರೇಡಿಯೋದ ಮುಳ್ಳು ಎಡತುದಿಗೆ ಬಂದು ಇನ್ನು ಮುಂದೆ ಹೋಗದೆ ನಿಲ್ಲುತ್ತದಲ್ಲ, ಅದರಾಚೆ ಸ್ವಲ್ಪ. ಆ ಅಲೆಗಳು ನೆಲಕ್ಕಿಂತ ಉಪ್ಪುನೀರಿನ ಮೈಮೇಲೆ ಚೆನ್ನಾಗಿ ಸಾಗುತ್ತವೆ. 250ರಿಂದ 400 ನಾಟಿಕಲ್ ಮೈಲಿಯವರೆಗೆ ಮುಟ್ಟುತ್ತವೆ. ನಮ್ಮ ದೀಪಸ್ತಂಭ ಇಲಾಖೆ ಇದಕ್ಕಾಗಿ ದೇಶದ ಅಂಚಿನುದ್ದಕ್ಕೂ ಏಳು ಕೇಂದ್ರಗಳನ್ನು ಕಟ್ಟಿದೆ: ಗುಜರಾತಿನ ವೆರಾವಲ್, ಮಹಾರಾಷ್ಟ್ರದ ವೆಂಗುರ್ಲಾ, ಕನ್ಯಾಕುಮಾರಿ ಬಳಿಯ ಮುಟ್ಟಂ, ತಮಿಳುನಾಡಿನ ಪೋರ್ಟೊ ನೊವೊ, ಕಾಕಿನಾಡದ ವಾಕಲಪೂಡಿ, ಒಡಿಶಾದ ಬಾಲಸೋರ್, ಅಂಡಮಾನಿನ ಕೀಟಿಂಗ್ ಪಾಯಿಂಟ್. ಕರ್ನಾಟಕಕ್ಕೆ ಒಂದೂ ಸಿಕ್ಕಿಲ್ಲ, ಬೇಕಾಗಿಯೂ ಇರಲಿಲ್ಲ. ಗೋವಾದ ಆಚೆ ಮಗ್ಗುಲಿನ ವೆಂಗುರ್ಲಾದಿಂದ ಹೊರಟದ್ದು ಕಾರವಾರ, ಮಲ್ಪೆ ದಾಟಿ ಮಂಗಳೂರಿಗೂ ಬರುತ್ತದೆ.

ಜಗತ್ತಿಗೆಲ್ಲ ಒಂದೇ ಫ್ರೀಕ್ವೆನ್ಸಿ ಎಂದಮೇಲೆ ಎಲ್ಲರೂ ಒಟ್ಟಿಗೆ ಮಾತಾಡುವಂತಿಲ್ಲ. ಒಂದು ವಲಯದ ಕೇಂದ್ರಗಳಿಗೆ ಎ ಇಂದ ಎಕ್ಸ್‌ವರೆಗೆ ಒಂದೊಂದು ಅಕ್ಷರ ಕೊಟ್ಟು, ಪ್ರತಿ ಅಕ್ಷರಕ್ಕೂ ನಾಲ್ಕು ಗಂಟೆಗೊಮ್ಮೆ ಹತ್ತು ನಿಮಿಷ ಹಂಚಿದ್ದಾರೆ. ಇಪ್ಪತ್ನಾಲ್ಕು ಅಕ್ಷರ, ಇನ್ನೂರ ನಲವತ್ತು ನಿಮಿಷ, ಲೆಕ್ಕ ಚುಕ್ತಾ. ರಾತ್ರಿ ಹೊತ್ತು ಈ ಅಲೆಗಳು ಆಕಾಶಕ್ಕೆ ತಾಗಿ ದೂರದೂರಿಗೆ ಹೋಗಿ ಬೀಳುವುದರಿಂದ, ಅಕ್ಷರ ಹಂಚುವಾಗ ಎರಡು ಕೇಂದ್ರಗಳ ಮಾತು ಬೆರೆಯದಂತೆ ನೋಡಿಕೊಳ್ಳಬೇಕು.

ಹತ್ತು ನಿಮಿಷದಲ್ಲಿ ಎಷ್ಟು ಹೇಳಬಹುದು? ಹೆಚ್ಚೆಂದರೆ ನಾಲ್ಕು ಸಾವಿರ ಚಿಲ್ಲರೆ ಅಕ್ಷರ. ವಾಟ್ಸ್‌ಆ್ಯಪ್‌ನ ಕಾಲದಲ್ಲಿ ನಗು ಬರುವ ವೇಗ, ಆದರೆ ನಿಧಾನಕ್ಕೆ ಕಾರಣವಿದೆ. ಪ್ರತಿ ಅಕ್ಷರವನ್ನೂ ಎರಡು ಸಲ ಕಳಿಸುತ್ತಾರೆ, ಒಂದಕ್ಕೂ ಇನ್ನೊಂದಕ್ಕೂ ನಡುವೆ ಕಾಲು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಬಿಡುವು ಕೊಟ್ಟು. ಸಿಡಿಲು ಹೊಡೆದು ಮೊದಲನೆಯದು ಕೆಟ್ಟರೂ ಎರಡನೆಯದು ಉಳಿದಿರುತ್ತದೆ. ಎರಡೂ ಕೆಟ್ಟರೆ ಯಂತ್ರ ಊಹೆ ಮಾಡಲು ಹೋಗುವುದಿಲ್ಲ, ಆ ಜಾಗದಲ್ಲಿ ಒಂದು ನಕ್ಷತ್ರ ಚಿಹ್ನೆ ಒತ್ತಿ ಮುಂದೆ ಹೋಗುತ್ತದೆ. ಅಕ್ಷಾಂಶ ರೇಖಾಂಶದ ಅಂಕಿಯ ಮಧ್ಯೆ ಅಂಥ ನಕ್ಷತ್ರ ಬಿದ್ದರೆ ಓದುವವನಿಗೆ ಸಿಟ್ಟು ಬಂದೀತು. ತಪ್ಪು ಅಂಕಿ ಬಂದಿದ್ದರೆ ಹಡಗೇ ಬಂಡೆಗೆ ಬಡಿದೀತು. ತಪ್ಪು ನೂರಕ್ಕೆ ನಾಲ್ಕನ್ನು ಮೀರಿದರೆ ಯಂತ್ರ ಆ ಸಂದೇಶವನ್ನು ‘ಬಂದಿದೆ’ ಎಂದು ಬರೆದುಕೊಳ್ಳುವುದೇ ಇಲ್ಲ, ಮುಂದಿನ ಸರದಿಯಲ್ಲಿ ಅದೇ ಸಂದೇಶ ಬಂದಾಗ ಮತ್ತೆ ಮುದ್ರಿಸುತ್ತದೆ. ಸರಿಯಾಗಿ ಬಂದದ್ದನ್ನು ಎರಡನೇ ಸಲ ಮುದ್ರಿಸುವುದಿಲ್ಲ.

ಸಂದೇಶದ ತಲೆಯಲ್ಲಿ ಝಡ್‌ಸಿಝಡ್‌ಸಿ, ಬುಡದಲ್ಲಿ ನಾಲ್ಕು ಎನ್. ತಲೆಯ ಪಕ್ಕದಲ್ಲೇ ಕೇಂದ್ರದ ಅಕ್ಷರ, ಸಂದೇಶದ ಜಾತಿ ಹೇಳುವ ಅಕ್ಷರ, ಎರಡಂಕಿಯ ಸಂಖ್ಯೆ. ತನಗೆ ಬೇಡವಾದ ಕೇಂದ್ರವನ್ನೂ ಬೇಡವಾದ ಬಗೆಯನ್ನೂ ನಾವಿಕ ಮುಚ್ಚಿಡಬಹುದು. ಅರಬ್ಬಿ ಸಮುದ್ರದವನಿಗೆ ಹಿಮಗಡ್ಡೆಯ ವರದಿ ಯಾಕೆ? ಆದರೆ ಸಂಚಾರದ ಎಚ್ಚರಿಕೆ, ಹವಾಮಾನದ ಎಚ್ಚರಿಕೆ, ರಕ್ಷಣಾ ಕಾರ್ಯಾಚರಣೆ ಮತ್ತು ಕಡಲ್ಗಳ್ಳರ ಸುದ್ದಿ ಇವನ್ನು ಮುಚ್ಚುವ ಗುಂಡಿಯೇ ಇಲ್ಲ. ಸಂಖ್ಯೆಯ ಜಾಗದಲ್ಲಿ ಎರಡು ಸೊನ್ನೆ ಬಂದರಂತೂ ಯಂತ್ರ ಯಾರ ಮಾತನ್ನೂ ಕೇಳದೆ ಮುದ್ರಿಸಲೇಬೇಕು. 1993ರ ಆಗಸ್ಟ್‌ನಿಂದ ಅಂತರರಾಷ್ಟ್ರೀಯ ಯಾನದ ಹಡಗುಗಳಿಗೆ ಇದು ಕಡ್ಡಾಯ. ಸಂದೇಶಕ್ಕೆ ಶುಲ್ಕವಿಲ್ಲ.

ಈ ಹಟದ ಹಿಂದೆ ಟೈಟಾನಿಕ್ ಇದೆ. 1912ರ ಏಪ್ರಿಲ್ 14ರ ರಾತ್ರಿ ಮೆಸಾಬಾ ಎಂಬ ಹಡಗು ಮುಂದಿನ ದಾರಿಯಲ್ಲಿ ಹಿಮಗಡ್ಡೆಗಳಿವೆ ಎಂದು ತಂತಿಯಿಲ್ಲದ ತಂತಿ ಕಳಿಸಿತ್ತು. ಟೈಟಾನಿಕ್‌ನ ಆಪರೇಟರುಗಳು ಮಾರ್ಕೋನಿ ಕಂಪನಿಯ ನೌಕರರು, ಪ್ರಯಾಣಿಕರ ಖಾಸಗಿ ತಂತಿಗಳನ್ನು ಕಳಿಸುವುದರಲ್ಲಿ ಮುಳುಗಿದ್ದರು. ಸಂದೇಶ ಹಡಗಿಗೆ ಬಂತು, ಹಡಗು ನಡೆಸುವವರ ಕೈಗೆ ಹೋಗಲಿಲ್ಲ. ಸಾವಿರಾರು ಮೈಲಿ ದಾಟುವುದಲ್ಲ, ಕೊನೆಯ ಕೆಲವು ಗಜ ದಾಟುವುದೇ ಎಚ್ಚರಿಕೆಯ ಕಷ್ಟ ಎಂಬುದು ಅಂದು ಗೊತ್ತಾಯಿತು. ಕಡಲಿನಲ್ಲಿ ಜೀವರಕ್ಷಣೆಗಾಗಿ ಆದ 1914ರ ಮೊದಲ ಸೋಲಾಸ್ ಒಪ್ಪಂದದಿಂದ ಇಂದಿನವರೆಗಿನ ನಿಯಮಗಳನ್ನು ಓದಿದರೆ ಹೆಚ್ಚಿನವು ಆ ಕೆಲವು ಗಜಗಳ ಮೇಲೇ ಕಣ್ಣಿಟ್ಟಿವೆ. 1999ರಲ್ಲಿ ಹಡಗುಗಳ ರೇಡಿಯೋ ಸಂಪರ್ಕದ ಹೊಸ ವ್ಯವಸ್ಥೆ ಪೂರ್ತಿ ಜಾರಿಗೆ ಬಂದ ಮೇಲೆ ಮೋರ್ಸ್ ಹೊಡೆಯುವ ರೇಡಿಯೋ ಆಫೀಸರ್ ಹುದ್ದೆಯೇ ಕಾಣೆಯಾಯಿತು. ಈಗ ಚೀಟಿ ಬಂದು ಬೀಳುವುದು ಹಡಗಿನ ಬ್ರಿಜ್‌ನಲ್ಲೇ, ಡ್ಯೂಟಿಯಲ್ಲಿರುವ ಅಧಿಕಾರಿಯ ಪಕ್ಕದಲ್ಲೇ.

ಅಲ್ಲಿಂದ ಮುಂದೆ ಅದು ಮನುಷ್ಯನ ಕೆಲಸ. ಸಾಮಾನ್ಯವಾಗಿ ಸೆಕೆಂಡ್ ಆಫೀಸರ್ ಪಾಲಿನದು. ಮದುವೆ ಛತ್ರದ ಮೈಕಿನಲ್ಲಿ ಕಾರಿನ ನಂಬರ್ ಕೂಗಿದಂತೆ, ಬರುವ ಎಚ್ಚರಿಕೆಗಳಲ್ಲಿ ಹೆಚ್ಚಿನವು ತನ್ನವಲ್ಲ. ತನ್ನ ದಾರಿಗೆ ಸಂಬಂಧಪಟ್ಟದ್ದನ್ನು ಹೆಕ್ಕಿ, ನಕ್ಷೆಯ ಮೇಲೆ ಪೆನ್ಸಿಲಿನಲ್ಲಿ, ಈಗೀಗ ಪರದೆಯ ಮೇಲೆ, ಗುರುತು ಹಾಕಬೇಕು. ಅವಧಿ ಮುಗಿದದ್ದನ್ನು ಅಳಿಸಬೇಕು. ಖಾಯಂ ಆಗಿ ಉಳಿಯುವ ಬದಲಾವಣೆ ಡೆಹ್ರಾಡೂನಿನ ಪಾಕ್ಷಿಕ ಸೂಚನೆಯಲ್ಲಿ ಬಂದು ನಕ್ಷೆಗೇ ಸೇರಿಕೊಳ್ಳುತ್ತದೆ. ಬೇಸರದ ಕೆಲಸ ಇದು. ಹಡಗಿನ ತಪಾಸಣೆಗೆ ಬಂದವರು ನೋಡುವ ಕಡತಗಳಲ್ಲಿ ಇದೂ ಒಂದು ಎನ್ನುವುದು ಬೇಸರವನ್ನು ಕೊಂಚ ಕಡಿಮೆ ಮಾಡುತ್ತದೆ.

ಎಚ್ಚರಿಕೆಯ ಧಾಟಿಯನ್ನು ಗಮನಿಸಿ. ಗುಂಡಿನ ಅಭ್ಯಾಸವಿರುವ ಜಾಗ, ಅದರ ನಾಲ್ಕು ಮೂಲೆಗಳ ಅಕ್ಷಾಂಶ ರೇಖಾಂಶ, ದಿನ, ಹೊತ್ತು. ಕೊನೆಗೆ ‘ವೈಡ್ ಬರ್ತ್ ರಿಕ್ವೆಸ್ಟೆಡ್’, ಅಂದರೆ ದಯವಿಟ್ಟು ದೂರದಿಂದ ಸುತ್ತಿಕೊಂಡು ಹೋಗಿ. ಕ್ಷಿಪಣಿ ಹಾರಿಸುವವರು ಇಷ್ಟು ವಿನಯದಿಂದ ಬೇಡಿಕೊಳ್ಳುವುದೇಕೆ? ದಡದಿಂದ ಹನ್ನೆರಡು ನಾಟಿಕಲ್ ಮೈಲಿಯ ಆಚೆ ಹಡಗಿನ ಓಡಾಟವನ್ನು ‘ಬರಬೇಡ’ ಎಂದು ತಡೆಯುವ ಹಕ್ಕು ಯಾವ ದೇಶಕ್ಕೂ ಇಲ್ಲ. ಹೀಗಾಗಿ ಶ್ರೀಹರಿಕೋಟದಿಂದ ರಾಕೆಟ್ ಹಾರುವಾಗಲೂ ಒಡಿಶಾ ತೀರದಲ್ಲಿ ಕ್ಷಿಪಣಿ ಪರೀಕ್ಷೆಯಿದ್ದಾಗಲೂ ಮುಂಚಿತವಾಗಿ ಎಚ್ಚರಿಕೆ ಹೊರಡಿಸುತ್ತಾರೆ. ಅದು ಬಹಿರಂಗ ಪ್ರಕಟಣೆ. ಅದರ ಮೂಲೆಗಳನ್ನು ನಕ್ಷೆಯಲ್ಲಿಟ್ಟು ಯಾವ ಕ್ಷಿಪಣಿ, ಎಷ್ಟು ದೂರ ಹೋದೀತು ಎಂದು ಲೆಕ್ಕ ಹಾಕುವ ಹವ್ಯಾಸಿಗಳಿದ್ದಾರೆ; ನಮ್ಮ ಪತ್ರಿಕೆಗಳಿಗೆ ಸುದ್ದಿ ಎಷ್ಟೋ ಸಲ ಅಲ್ಲಿಂದಲೇ ಸಿಗುತ್ತದೆ. ಗುಟ್ಟು ಕಾಯುವ ಸೇನೆಗಳೂ ಈ ಒಂದು ವಿಷಯದಲ್ಲಿ ಬಾಯಿಬಿಡಲೇಬೇಕು. ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪವನ್ನು ಗುರಿ ಅಭ್ಯಾಸಕ್ಕೆ ಬಳಸುತ್ತಿದ್ದ ನಮ್ಮ ನೌಕಾಪಡೆಗೂ ವಿನಾಯಿತಿಯಿಲ್ಲ.

ಕಚೇರಿಗೆ ಸುದ್ದಿ ಎಲ್ಲಿಂದ ಬರುತ್ತದೆ? ಬಂದರುಗಳಿಂದ, ದೀಪಸ್ತಂಭದವರಿಂದ, ಕೋಸ್ಟ್ ಗಾರ್ಡ್‌ನಿಂದ, ಕೇಬಲ್ ಹಾಕುವ ಕಂಪನಿಗಳಿಂದ. ಅದಕ್ಕಿಂತ ಹೆಚ್ಚಾಗಿ ಹಡಗುಗಳಿಂದಲೇ. ಅಪಾಯ ಕಂಡ ಕ್ಯಾಪ್ಟನ್ ಅದನ್ನು ವರದಿ ಮಾಡಲೇಬೇಕೆಂಬುದು ಕಾನೂನು. 2025ರ ಮೇ 25ರಂದು ಕೊಚ್ಚಿಯ ಆಚೆ ಎಂಎಸ್‌ಸಿ ಎಲ್ಸಾ 3 ಎಂಬ ಕಂಟೈನರ್ ಹಡಗು ಮುಳುಗಿತು. ಅದರ 24 ಮಂದಿ ಸಿಬ್ಬಂದಿಯೂ ಬದುಕಿಕೊಂಡರು, ಆದರೆ ಹೊತ್ತಿದ್ದ 640 ಕಂಟೈನರುಗಳಲ್ಲಿ ಹಲವು ಮಳೆಗಾಲದ ಕಡಲಿನಲ್ಲಿ ಚೆಲ್ಲಾಪಿಲ್ಲಿಯಾದವು. ಹದಿನೈದು ದಿನಕ್ಕೇ, ಜೂನ್ 9ರಂದು, ಕಣ್ಣೂರಿನ ನೇರಕ್ಕೆ ವಾನ್ ಹೈ 503 ಎಂಬ ಇನ್ನೊಂದು ಹಡಗು ಹೊತ್ತಿ ಉರಿಯಿತು. 22 ಜನರಲ್ಲಿ 18 ಮಂದಿಯನ್ನು ನೌಕಾಪಡೆ ಪಣಂಬೂರಿಗೆ ತಂದಿಳಿಸಿತು, ನಾಲ್ವರು ಕಾಣೆಯಾದರು. ಉರಿಯುವ ಹಡಗು ದಿನಗಟ್ಟಲೆ ತೇಲುತ್ತಿತ್ತು. ಅರ್ಧ ಮುಳುಗಿದ ಕಂಟೈನರ್ ರಾಡಾರಿಗೆ ಸರಿಯಾಗಿ ಕಾಣುವುದಿಲ್ಲ, ಇದ್ದಲ್ಲಿ ಇರುವುದೂ ಇಲ್ಲ. ಕಂಡವರು ಹೇಳಬೇಕು, ಹೇಳಿದ್ದು ಮರುದಿನಕ್ಕೆ ಹಳತಾಗುತ್ತದೆ.

ಇಷ್ಟೆಲ್ಲ ದೊಡ್ಡ ಹಡಗುಗಳ ಮಾತು. 300 ಟನ್ನಿನ ಕೆಳಗಿನ ನಮ್ಮ ಮೀನುಗಾರಿಕಾ ಬೋಟುಗಳಿಗೆ ನ್ಯಾವ್‌ಟೆಕ್ಸ್ ಕಡ್ಡಾಯವಲ್ಲ, ಇದ್ದರೂ ಅದು ಮಾತಾಡುವುದು ಇಂಗ್ಲಿಷಿನಲ್ಲಿ. 2017ರ ನವೆಂಬರ್ ಕೊನೆಯಲ್ಲಿ ಓಖಿ ಚಂಡಮಾರುತ ಎದ್ದಾಗ ಕೇರಳ ಮತ್ತು ಕನ್ಯಾಕುಮಾರಿಯ ಬೋಟುಗಳು ಅದಾಗಲೇ ಆಳಸಮುದ್ರದಲ್ಲಿದ್ದವು. ವಾಯುಭಾರ ಕುಸಿತ ಚಂಡಮಾರುತವಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಮೊಬೈಲಿನ ಸಿಗ್ನಲ್, ಬೋಟಿನ ವೈರ್‌ಲೆಸ್ ಎರಡರ ಹಿಡಿತಕ್ಕೂ ಆಚೆ ಇದ್ದವರಿಗೆ ಹೇಳುವ ದಾರಿಯೇ ಇರಲಿಲ್ಲ. ಕೆಲವರು ಗಾಳಿಗೆ ಸಿಕ್ಕಿ ಲಕ್ಷದ್ವೀಪಕ್ಕೆ, ಮಹಾರಾಷ್ಟ್ರದ ದೇವಗಡಕ್ಕೆ ಹೋಗಿ ಬಿದ್ದರು. ನೂರಾರು ಮಂದಿ ಬರಲಿಲ್ಲ. ಟೈಟಾನಿಕ್‌ನಲ್ಲಿ ದಾಟದೆ ಉಳಿದದ್ದು ಕೆಲವು ಗಜ, ಇಲ್ಲಿ ನೂರು ಮೈಲಿ.

ಆಮೇಲೆ ಇಸ್ರೋದ ನಾವಿಕ್ ಉಪಗ್ರಹಗಳ ಮೂಲಕ ಸಂದೇಶ ಕಳಿಸುವ ಸಾಧನಗಳು ಬಂದವು. ಅಪಾಯದಲ್ಲಿರುವ ಬೋಟಿನಿಂದ ಹೊರಡುವ ಕರೆ ಉಪಗ್ರಹದ ಮೂಲಕ ಬಂದು ಇಳಿಯುವುದು ಬೆಂಗಳೂರಿನಲ್ಲಿ ಇಸ್ರೋದ ಘಟಕವಾದ ಇಸ್ಟ್ರಾಕ್‌ನಲ್ಲಿರುವ ಕೇಂದ್ರಕ್ಕೆ, ಅಲ್ಲಿಂದ ಕೋಸ್ಟ್ ಗಾರ್ಡ್‌ಗೆ. ಬೆಟ್ಟದ ಬುಡದ ಡೆಹ್ರಾಡೂನಿನ ಜೊತೆ ಕಡಲಿಲ್ಲದ ಇನ್ನೊಂದು ಊರು ಸೇರಿತು. ಅಪಾಯದ ಕರೆ ಕಳಿಸುವ ಹಳೆಯ ಸಾಧನದಲ್ಲಿ ಬೋಟಿನವರು ಗುಂಡಿ ಒತ್ತಬಹುದಿತ್ತು, ಯಾರಿಗಾದರೂ ಕೇಳಿಸಿತೋ ಇಲ್ಲವೋ ತಿಳಿಯುತ್ತಿರಲಿಲ್ಲ. ಎರಡನೇ ತಲೆಮಾರಿನದರಲ್ಲಿ ‘ಕರೆ ತಲುಪಿದೆ’ ಎಂಬ ಉತ್ತರ ಬರುತ್ತದೆ. ಚಂಡಮಾರುತ, ಸುನಾಮಿ, ಭಾರಿ ಅಲೆಗಳ ಎಚ್ಚರಿಕೆಯೂ ಅದಕ್ಕೇ ಬರುತ್ತದೆ. ಬ್ಲೂಟೂತಿನಲ್ಲಿ ಮೊಬೈಲಿಗೆ ಜೋಡಿಸಿದರೆ ಬೋಟು ನಡೆಸುವ ತಾಂಡೇಲ ಅದನ್ನು ತನ್ನ ಭಾಷೆಯಲ್ಲೇ ಓದಬಹುದು. ಓದಿದ ಮೇಲೆ ಬಲೆ ಎಳೆದುಕೊಂಡು ತಿರುಗುವುದೋ, ಸುರಿದ ಡೀಸೆಲ್ಲಿನ ದುಡ್ಡು ಹುಟ್ಟುವವರೆಗೆ ಇನ್ನೊಂದು ಬಲೆ ಬಿಟ್ಟು ನೋಡುವುದೋ, ಅದು ಅವನಿಗೂ ಬೋಟಿನ ಮಾಲೀಕನಿಗೂ ಬಿಟ್ಟದ್ದು.