ಪೇಟಿಯ ಪಕ್ಕ ಕುಳಿತ ಕೀಬೋರ್ಡ್

ವಿಜಯಪುರ ಜಿಲ್ಲೆಯಲ್ಲಿ, ಭೀಮಾ ತೀರದ ದೇವಣಗಾಂವದಿಂದ ಮುದ್ದೇಬಿಹಾಳದವರೆಗೆ, ಭಜನೆಗಾಗಲಿ ನಾಟಕಕ್ಕಾಗಲಿ ಪೇಟಿ ಇಲ್ಲದೆ ಹಾಡು ಏಳದು. ಆ ಪೇಟಿಯ ಪಕ್ಕದಲ್ಲಿ ಈಗ ಎಲೆಕ್ಟ್ರಾನಿಕ್ ಕೀಬೋರ್ಡ್ ಕೂಡ ಬಂದು ಕುಳಿತಿದೆ. ನೋಡಲು ಎರಡರ ಕೀಲಿಮಣೆಯೂ ಒಂದೇ. ಒಳಗಿನ ವ್ಯವಹಾರ ಪೂರ್ತಿ ಬೇರೆ. ಅದನ್ನು ತಿಳಿಯದೆ ಕೊಂಡರೆ ಹಾಡುವವರ ಶ್ರುತಿಯೇ ನಡುವೆ ಕೈಕೊಡಬಹುದು.

ಬಲವಲ್ಲ, ವೇಗ

ಪೇಟಿಯಲ್ಲಿ ಕೀಲಿಯನ್ನು ಎಷ್ಟೇ ಜೋರಾಗಿ ಒತ್ತಿದರೂ ದನಿ ಏರದು. ಏರಿಳಿತವೆಲ್ಲ ಎಡಗೈ ಒತ್ತುವ ತಿದಿಯ ಗಾಳಿಯದು. ಪಿಯಾನೋದ ರೀತಿ ಬೇರೆ. 1700ರ ಸುಮಾರಿಗೆ ಇಟಲಿಯ ಕ್ರಿಸ್ಟೊಫೋರಿ ರೂಪಿಸಿದ ಈ ವಾದ್ಯದಲ್ಲಿ ಸುತ್ತಿಗೆ ತಂತಿಗೆ ಬಡಿಯುವ ವೇಗವೇ ದನಿಯನ್ನು ನಿರ್ಧರಿಸುತ್ತದೆ.

ಕೀಬೋರ್ಡಿನಲ್ಲಿ ಸುತ್ತಿಗೆಯೂ ಇಲ್ಲ, ತಂತಿಯೂ ಇಲ್ಲ. ಹಾಗಾದರೆ ಬೆರಳಿನ ಒತ್ತು ಅದಕ್ಕೆ ತಿಳಿಯುವುದು ಹೇಗೆ? ಸ್ಪರ್ಶಸಂವೇದಿ ಕೀಬೋರ್ಡಿನ ಪ್ರತಿ ಕೀಲಿಯ ಕೆಳಗೆ ಸಾಮಾನ್ಯವಾಗಿ ಎರಡು ಸಂಪರ್ಕ ಬಿಂದುಗಳಿರುತ್ತವೆ. ಕೀಲಿ ಇಳಿಯುವಾಗ ಒಂದು ಮೊದಲು ಕೂಡುತ್ತದೆ, ಇನ್ನೊಂದು ತುಸು ತಡವಾಗಿ. ಈ ನಡುವಿನ ಕಾಲವನ್ನು ಒಳಗಿನ ಪ್ರೊಸೆಸರ್ ಅಳೆಯುತ್ತದೆ. ಅಂತರ ಕಡಿಮೆಯಾದಷ್ಟೂ ವೇಗ ಹೆಚ್ಚು, ದನಿ ದೊಡ್ಡದು. 1983ರಲ್ಲಿ ಬಂದ ‘ಮಿಡಿ’ ಪದ್ಧತಿಯಲ್ಲಿ ಈ ವೇಗಕ್ಕೆ 1ರಿಂದ 127ರವರೆಗೆ ಅಂಕಗಳಿವೆ. ಒಳ್ಳೆಯ ವಾದ್ಯಗಳಲ್ಲಿ ವೇಗ ಹೆಚ್ಚಿದಂತೆ ದನಿಯ ಗಾತ್ರದ ಜೊತೆಗೆ ಬಣ್ಣವೂ ಬದಲಾಗುತ್ತದೆ.

ಪಾತ್ರ ಹಲವು, ನಟರು ಕೆಲವರು

ಪೇಟಿಯ ಪ್ರತಿ ಕೀಲಿಗೂ ಅದರದೇ ರೀಡು ಉಂಟು. ಕೀಬೋರ್ಡಿನಲ್ಲಿ ಹಾಗಿಲ್ಲ. ಅಲ್ಲಿ ದನಿ ಹುಟ್ಟಿಸುವ ಘಟಕಗಳ ಸಂಖ್ಯೆಗೆ ಮಿತಿಯಿದೆ. ಊರ ನಾಟಕದಲ್ಲಿ ಐದೇ ನಟರು ಹತ್ತು ಪಾತ್ರ ನಿಭಾಯಿಸುವುದಿಲ್ಲವೇ? ಹಾಗೆಯೇ ಇದು. 1970ರ ಮಿನಿಮೂಗ್‌ಗೆ ಇದ್ದದ್ದು ಒಬ್ಬನೇ ನಟ; ಎರಡು ಕೀಲಿ ಒತ್ತಿದರೆ ಕೆಳಸ್ವರ ಮಾತ್ರ ಕೇಳುತ್ತಿತ್ತು. 1978ರ ಪ್ರಾಫೆಟ್-5ರಲ್ಲಿ ಐದು, 1983ರ ಯಮಾಹಾ ಡಿಎಕ್ಸ್7ರಲ್ಲಿ ಹದಿನಾರು ದನಿಗಳಿದ್ದವು.

ನಟರೆಲ್ಲ ರಂಗದ ಮೇಲಿರುವಾಗ ಹೊಸ ಪಾತ್ರ ಬಂದರೆ? ಒಬ್ಬನನ್ನು ಇಳಿಸಲೇಬೇಕು. ಸಾಮಾನ್ಯವಾಗಿ ಕೀಲಿ ಬಿಟ್ಟ ಮೇಲೆ ಕ್ಷೀಣಿಸುತ್ತಿರುವ ದನಿಗೆ ಮೊದಲು ಕತ್ತರಿ. ಅಂಥದ್ದು ಇಲ್ಲದಿದ್ದರೆ ಎಲ್ಲಕ್ಕಿಂತ ಹಳೆಯ ದನಿಗೆ.

ತೊಡಕು ಇರುವುದು ಇಲ್ಲಿಯೇ. ಭಜನೆಯಲ್ಲಿ ಷಡ್ಜವನ್ನು ಮೊದಲೇ ಒತ್ತಿ ಹಿಡಿದು ಅದರ ಮೇಲೆ ಹಾಡು ನುಡಿಸಿದರೆ, ಎಲ್ಲಕ್ಕಿಂತ ಹಳೆಯದು ಆ ಷಡ್ಜವೇ! ಪೆಡಲ್ ತುಳಿದಾಗ ಸ್ವರಗಳು ಒಂದರ ಮೇಲೊಂದು ಉಳಿಯುತ್ತವೆ. ತಾಳದ ಹಿಮ್ಮೇಳಕ್ಕೂ ಹಲವು ದನಿ ಬೇಕು. ಎರಡು ವಾದ್ಯಗಳ ನಾದ ಬೆರೆಸಿದರೆ 32 ದನಿಯ ಕೀಬೋರ್ಡ್ 16ಕ್ಕೆ ಇಳಿಯುತ್ತದೆ. ಆಗ ಶ್ರುತಿ ಸದ್ದಿಲ್ಲದೆ ಮಾಯವಾಗಬಹುದು. ಇದನ್ನು ತಡೆಯಲೆಂದೇ ಕೆಲವು ವಾದ್ಯಗಳಲ್ಲಿ ಅತಿ ಕೆಳಗಿನ ಸ್ವರವನ್ನು ಕಾಯುವ ನಿಯಮವಿದೆ.

ಕೊಳ್ಳುವ ಮುನ್ನ

ಅಂಗಡಿಯಲ್ಲೇ ಎರಡು ಪರೀಕ್ಷೆ ಮಾಡಬಹುದು. ಪಿಯಾನೋ ನಾದದಲ್ಲಿ ಒಂದೇ ಕೀಲಿಯನ್ನು ಮೆಲ್ಲಗೆ, ಬಳಿಕ ಚುರುಕಾಗಿ ಒತ್ತಿ ವ್ಯತ್ಯಾಸ ಕೇಳಬೇಕು. ಆರ್ಗನ್ ನಾದದಲ್ಲಿ ವ್ಯತ್ಯಾಸ ಕೇಳದಿದ್ದರೆ ಅದು ದೋಷವಲ್ಲ; ನಿಜವಾದ ಆರ್ಗನ್ನಿನ ಗುಣವೂ ಅದೇ. ಬಳಿಕ ಆರ್ಗನ್ ನಾದದಲ್ಲೇ ಷಡ್ಜವನ್ನು ಹಿಡಿದು, ತಾಳ ಹಾಕಿ, ಪೆಡಲ್ ತುಳಿದು ಮೇಲಿನ ಸ್ವರಗಳನ್ನು ಒಂದೊಂದಾಗಿ ನುಡಿಸಬೇಕು. ಷಡ್ಜ ಕೊನೆಯವರೆಗೆ ನಿಂತರೆ ಆ ವಾದ್ಯವನ್ನು ನಂಬಿ ಹಾಡಬಹುದು.