ಕಿವಿ ಕಟ್ಟಿದಾಗ

ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮಂಡಿನೋವುಗಳ ವಿಚಾರವನ್ನು ಯುಗಾದಿ ಊಟದ ಪಂಕ್ತಿಯಲ್ಲೇ ವಿಸ್ತಾರವಾಗಿ ಚರ್ಚಿಸುವ ನಮ್ಮ ಜನ, ಕಿವಿಯಲ್ಲಿ ಗುಗ್ಗೆ ಕಟ್ಟಿದೆ ಎಂದು ಹೇಳಲು ಮಾತ್ರ ಸಂಕೋಚಪಡುತ್ತಾರೆ. ಅದೇನೋ ಕೊಳಕಿನ ವಿಷಯವೆಂಬ ಭಾವನೆ. ಬ್ರಿಟನ್ನಿನಲ್ಲಿ ವರ್ಷಕ್ಕೆ ಸುಮಾರು 23 ಲಕ್ಷ ಜನರಿಗೆ ಗುಗ್ಗೆಯ ತೊಂದರೆಗೆ ಚಿಕಿತ್ಸೆ ಬೇಕಾಗುತ್ತದೆಂದು ಅಂದಾಜು. ಬರ್ಮಿಂಗ್‌ಹ್ಯಾಮ್, ಮ್ಯಾಂಚೆಸ್ಟರ್, ಲೀಡ್ಸ್ ಕಡೆಯ ನಮ್ಮ ಸದಸ್ಯರ ಮನೆಗಳು ಇದಕ್ಕೆ ಹೊರತಲ್ಲ. ಆದ್ದರಿಂದ ಸಂಕೋಚ ಬಿಟ್ಟು ನಾಲ್ಕು ಮಾತು ಬರೆಯುತ್ತಿದ್ದೇವೆ.

ನಾವು ಕೆಮಿಸ್ಟ್ ಎಂದು ಪರಿಚಯ ಮಾಡಿಕೊಂಡರೆ ಈ ದೇಶದಲ್ಲಿ "ಅಂಗಡಿ ಎಲ್ಲಿದೆ?" ಎಂದು ಕೇಳುತ್ತಾರೆ. ನಮ್ಮದು ಅಂಗಡಿಯಲ್ಲ, ಪ್ರಯೋಗಶಾಲೆ. ವೈದ್ಯರಂತೂ ಅಲ್ಲವೇ ಅಲ್ಲ. ಆದರೆ ಗುಗ್ಗೆ ಒಂದು ರಾಸಾಯನಿಕ ವಸ್ತು ಎಂಬ ಕಾರಣಕ್ಕೆ ಅದರ ಮೇಲೆ ನಮಗೂ ಸ್ವಲ್ಪ ಅಧಿಕಾರವುಂಟು.

ಗುಗ್ಗೆ ಕೊಳೆಯಲ್ಲ. ಅದರ ಹೆಚ್ಚಿನ ಭಾಗ ಕಿವಿಯ ನಾಳದ ಚರ್ಮದಿಂದ ಉದುರಿದ ಸತ್ತ ಕಣಗಳು, ಅಂದರೆ ಕೂದಲು ಉಗುರುಗಳಲ್ಲಿರುವ ಕೆರಾಟಿನ್. ಉಳಿದದ್ದು ಕೊಬ್ಬಿನ ಆಮ್ಲಗಳು, ಸ್ಕ್ವಾಲೀನ್, ಕೊಲೆಸ್ಟರಾಲ್ ಇತ್ಯಾದಿ. ಸ್ವಲ್ಪ ಆಮ್ಲಗುಣವಿರುವುದರಿಂದ ರೋಗಾಣುಗಳಿಗೆ ತಡೆ. ಜಿಡ್ಡಿರುವುದರಿಂದ ನೀರಿಗೆ, ಧೂಳಿಗೆ ತಡೆ. ಕೆಲವರಿಗೆ ಅಂಟಂಟಾಗಿ, ಕೆಲವರಿಗೆ ಒಣ ಹೊಟ್ಟಿನಂತೆ ಬರುವುದು ಒಂದೇ ಒಂದು ಜೀನಿನ ವ್ಯತ್ಯಾಸದಿಂದ ಎಂದು ಜಪಾನಿನ ವಿಜ್ಞಾನಿಗಳು 2006ರಲ್ಲಿ ತೋರಿಸಿದರು. ನಾಳದ ಚರ್ಮವು ತಾನೇ ಒಳಗಿನಿಂದ ಹೊರಕ್ಕೆ ನಿಧಾನವಾಗಿ ಸರಿಯುತ್ತಿರುತ್ತದೆ. ಅದರೊಡನೆ ಗುಗ್ಗೆಯೂ ಹೊರಬರುತ್ತದೆ. ಪ್ರಕೃತಿ ಸಂಬಳವಿಲ್ಲದೆ ಇಟ್ಟ ಝಾಡಮಾಲಿ!

ಈ ವ್ಯವಸ್ಥೆಯನ್ನು ಕೆಡಿಸುವವರು ಬಹುಪಾಲು ನಾವೇ. ಊರಿನಲ್ಲಿ ಬೆಂಕಿಕಡ್ಡಿ, ಹೇರ್‌ಪಿನ್ನು. ಇಲ್ಲಿ ಕಾಟನ್ ಬಡ್. ತುದಿಗೆ ಒಂದಿಷ್ಟು ಹತ್ತಿದ್ದನ್ನು ಕಂಡು ಸಮಾಧಾನಪಡುತ್ತೇವೆ. ಉಳಿದದ್ದನ್ನು ಕೋವಿಗೆ ಮದ್ದು ಗಿಡಿದಂತೆ ಒಳಕ್ಕೆ ಗಿಡಿದಿರುತ್ತೇವೆ. ಹಿಯರಿಂಗ್ ಏಡ್ ಹಾಕುವವರಿಗೂ, ಸದಾ ಇಯರ್‌ಫೋನ್ ಚುಚ್ಚಿಕೊಂಡಿರುವ ಮಕ್ಕಳಿಗೂ ದಾರಿ ಮುಚ್ಚುತ್ತದೆ. ಸಣ್ಣ ಸಂದಿ ಉಳಿದಿರುವವರೆಗೆ ಏನೂ ಗೊತ್ತಾಗುವುದಿಲ್ಲ. ಒಂದು ದಿನ ತಲೆಗೆ ಸ್ನಾನ ಮಾಡಿದಾಗ ಗುಗ್ಗೆ ನೀರು ಕುಡಿದು ಉಬ್ಬುತ್ತದೆ; ಬಚ್ಚಲಿನಿಂದ ಹೊರಬರುವಾಗ ಕಿವಿ ಕೇಳಿಸುವುದಿಲ್ಲ.

ಎಳೆಯರು ಗಾಬರಿಯಾಗಿ ಫೋನ್ ಮಾಡುತ್ತಾರೆ. ಹಿರಿಯರ ವಿಷಯ ಹಾಗಲ್ಲ. ಮೊಮ್ಮಕ್ಕಳನ್ನು ನೋಡಿಕೊಳ್ಳಲು ಬಂದ ಅತ್ತೆಯವರೋ ತಂದೆಯವರೋ ಮೆಲ್ಲನೆ ಮಾತು ಕಡಿಮೆ ಮಾಡುತ್ತಾರೆ. ಕೇಳಿದ್ದಕ್ಕೆ ಸುಮ್ಮನೆ ತಲೆಯಾಡಿಸುತ್ತಾರೆ. ಕಿವಿ ಕಟ್ಟಿದವರಿಗೆ ತಮ್ಮ ದನಿ ತಲೆಯೊಳಗೆ ಜೋರಾಗಿ ಕೇಳಿಸುವುದರಿಂದ ಇನ್ನೂ ಮೆತ್ತಗೆ ಮಾತಾಡುತ್ತಾರೆ. ಕನ್ನಡದಲ್ಲಾದರೆ ಬಿಟ್ಟುಹೋದ ಪದವನ್ನು ಮನಸ್ಸು ತುಂಬಿಕೊಳ್ಳುತ್ತದೆ. ಮೊಮ್ಮಗುವಿನ ಯಾರ್ಕ್‌ಷೈರ್ ಇಂಗ್ಲಿಷಿನಲ್ಲಿ ಅದು ಸುಲಭವಲ್ಲ. ಮನೆಯವರು "ವಯಸ್ಸಾಯಿತು, ಮರೆವು ಶುರುವಾಯಿತು" ಎಂದು ತೀರ್ಮಾನಿಸಿಬಿಡುತ್ತಾರೆ. ಕೆಲವು ಹನಿ ಎಣ್ಣೆಯಿಂದ ಹೋಗಬಹುದಾದ ತೊಂದರೆಗೆ ಮುಪ್ಪಿನ ಹೆಸರಿಟ್ಟು, ಮನೆಯ ಹಿರಿಯರನ್ನು ಮಾತುಕತೆಯಿಂದ ಹೊರಗಿಟ್ಟಂತಾಗುತ್ತದೆ. ಹಾಗೆ ತೀರ್ಮಾನಿಸುವ ಮೊದಲು ಅವರ ಕಿವಿಯೊಳಗೆ ಬಲ್ಲವರಿಂದ ದೀಪ ಹಾಕಿ ನೋಡಿಸಬೇಕೆಂಬುದೇ ಈ ಲೇಖನದ ಮುಖ್ಯ ಮಾತು.

ಜೊತೆಗೆ ಒಂದು ಎಚ್ಚರಿಕೆ. ಥಟ್ಟನೆ ಬರುವ ಕಿವುಡೆಲ್ಲ ಗುಗ್ಗೆಯದಲ್ಲ; ಒಳಗಿವಿಯ ನರದ ತೊಂದರೆಯೂ ಇರಬಹುದು. ಬಾಯಿ ಮುಚ್ಚಿಕೊಂಡು "ಹೂಂ" ಎಂದು ಗುನುಗಿ ನೋಡಿ. ಗುಗ್ಗೆಯಿಂದ ಕಟ್ಟಿದ್ದರೆ ಗುನುಗು ಕಟ್ಟಿದ ಕಿವಿಯಲ್ಲೇ ಜೋರಾಗಿ ಕೇಳಿಸುತ್ತದೆ. ನರದ ತೊಂದರೆಯಾದರೆ ಒಳ್ಳೆಯ ಕಿವಿಯಲ್ಲಿ. ಇದು ಸುಳಿವು ಮಾತ್ರ, ಪರೀಕ್ಷೆಯಲ್ಲ. ಮೂರು ದಿನದೊಳಗೆ ಏಕಾಏಕಿ ಕಿವಿ ಹೋದರೆ ಎಣ್ಣೆ ಬಿಟ್ಟುಕೊಂಡು ಕೂರದೆ ಅಂದೇ ಜಿ.ಪಿ.ಗೆ ಅಥವಾ 111ಕ್ಕೆ ಫೋನ್ ಮಾಡಬೇಕು. ಅಂಥ ಕಿವುಡಿಗೆ ತಡವಾದಷ್ಟೂ ನಷ್ಟ.

ಗುಗ್ಗೆಯೆಂದು ಖಾತ್ರಿಯಾದರೆ ಮದ್ದು ಸರಳ. ಕೆಮಿಸ್ಟ್ ಅಂಗಡಿಯಲ್ಲಿ ಕಿವಿಗೆಂದೇ ಮಾರುವ ಆಲಿವ್ ಎಣ್ಣೆ ಎರಡು ಮೂರು ಹನಿ, ದಿನಕ್ಕೆ ಮೂರು ನಾಲ್ಕು ಸಲ, ಮೂರರಿಂದ ಐದು ದಿನ. ಕಟ್ಟಿದ ಕಿವಿ ಮೇಲಾಗಿ ಮಲಗಿ ಐದು ಹತ್ತು ನಿಮಿಷ ಇರಬೇಕು. ಹನಿ ತಣ್ಣಗಿದ್ದರೆ ತಲೆ ಸುತ್ತುವುದುಂಟು. ಸೀಸೆಯನ್ನು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿಕೊಳ್ಳಿ. ಗುಗ್ಗೆ ಎರಡು ವಾರದಲ್ಲಿ ತುಂಡು ತುಂಡಾಗಿ ಬೀಳುತ್ತದೆ. ನಡುವೆ ಕಿವಿ ಇನ್ನೂ ಮಂದವಾದರೆ ಹೆದರಬೇಕಿಲ್ಲ. ಎಣ್ಣೆ ಗುಗ್ಗೆಯನ್ನು ಕರಗಿಸುವುದಿಲ್ಲ, ಜಾರಿಸುತ್ತದೆ ಅಷ್ಟೆ. ಕೆರಾಟಿನ್ ಕಣಗಳನ್ನು ಉಬ್ಬಿಸಿ ಬಿಡಿಸುವುದು ನೀರು. ಸೋಡಿಯಂ ಬೈಕಾರ್ಬೊನೇಟ್ ಹನಿಗಳ ಗುಟ್ಟು ಇದೇ. ಪ್ರಯೋಗನಳಿಕೆಯಲ್ಲಿ ನೀರಿನದೇ ಮೇಲುಗೈಯಾದರೂ, ಮನುಷ್ಯರ ಮೇಲಿನ ಪ್ರಯೋಗಗಳನ್ನೆಲ್ಲ ತೂಗಿನೋಡಿದ 2018ರ ಕಾಕ್ರೇನ್ ಸಮೀಕ್ಷೆಗೆ ಒಂದು ಹನಿ ಇನ್ನೊಂದಕ್ಕಿಂತ ಮೇಲೆಂದು ಹೇಳಲು ಆಧಾರ ಸಿಗಲಿಲ್ಲ. ದುಬಾರಿ ಸೀಸೆಗೆ ಮರುಳಾಗಬೇಡಿ. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯೂ ಬೇಡ, ಸುಟ್ಟೀತು. ಕಿವಿತಮಟೆ ತೂತಾಗಿದ್ದವರು, ಕಿವಿ ಸೋರುವವರು, ನೋವಿರುವವರು ವೈದ್ಯರನ್ನು ಕೇಳದೆ ಏನನ್ನೂ ಬಿಡಬಾರದು.

ಹನಿಗೆ ಬಗ್ಗದಿದ್ದರೆ ತೆಗೆಸಬೇಕು. ಹಿಂದಿನ ಕಾಲದ ಲೋಹದ ಪಿಚಕಾರಿ ಕೂಡದೆಂದು ನೈಸ್ ಸಂಸ್ಥೆ 2018ರ ಮಾರ್ಗಸೂಚಿಯಲ್ಲಿ ಹೇಳಿದೆ. ಈಗಿನದು ಹದವಾಗಿ ನೀರು ಬಿಡುವ ಯಂತ್ರ, ಇಲ್ಲವೆ ಗುಗ್ಗೆಯನ್ನು ಹೀರಿ ತೆಗೆಯುವ ಮೈಕ್ರೊಸಕ್ಷನ್. ಕೇಳಿಸದಂತೆ ಗುಗ್ಗೆ ಕಟ್ಟಿದ ವಯಸ್ಕರಿಗೆ ಜಿ.ಪಿ. ಅಥವಾ ಸ್ಥಳೀಯ ಚಿಕಿತ್ಸಾಲಯದಲ್ಲಿ ಈ ಸೇವೆ ಸಿಗಬೇಕೆಂದೂ ಅದೇ ಮಾರ್ಗಸೂಚಿ ಹೇಳುತ್ತದೆ. ಆದರೆ ಜಿ.ಪಿ.ಗಳ ಮೂಲ ಒಪ್ಪಂದದಲ್ಲಿ ಇದು ಸೇರಿಲ್ಲದ ಕಾರಣ ಒಂದು ಊರಿನಲ್ಲಿ ಉಂಟು, ಪಕ್ಕದ ಊರಿನಲ್ಲಿ ಇಲ್ಲ. ಖಾಸಗಿಯಾಗಿ ಸಾಮಾನ್ಯವಾಗಿ 50ರಿಂದ 100 ಪೌಂಡ್ ಆಗುತ್ತದೆ. ಪೆನ್ಷನ್ನಿನ ಮೇಲಿರುವವರಿಗೆ ಇದು ಸಣ್ಣ ಮೊತ್ತವಲ್ಲ. ಮೊದಲ ಉತ್ತರಕ್ಕೆ ಸುಮ್ಮನಾಗದೆ, ನಮ್ಮ ಪ್ರದೇಶದಲ್ಲಿ ಎನ್.ಎಚ್.ಎಸ್. ಕಿವಿ ಚಿಕಿತ್ಸಾಲಯ ಎಲ್ಲಿದೆಯೆಂದು ಸರ್ಜರಿಯಲ್ಲಿ ಒತ್ತಿ ಕೇಳಿ. ಹಿರಿಯರ ಪರವಾಗಿ ಫೋನನ್ನು ಮಕ್ಕಳೇ ಮಾಡಲಿ. ಕೇಳಿಸದವರು ಫೋನಿನಲ್ಲಿ ಏನು ತಾನೆ ವಾದಿಸಿಯಾರು?

ಎಣ್ಣೆ ಕೆಲಸ ಮಾಡುವ ಈ ಎರಡು ವಾರ ಮನೆಯಲ್ಲಿ ಮಾತು ನಡೆಯಬೇಕಲ್ಲ! ಇದಕ್ಕೆ ನಮ್ಮ ಉತ್ತರ ಸೀಮೆಯಲ್ಲೇ ಗುರುಗಳಿದ್ದರು. ಲ್ಯಾಂಕಾಷೈರಿನ ಹತ್ತಿ ಗಿರಣಿಗಳಲ್ಲಿ ಕಿವಿಗಡಚಿಕ್ಕುವ ಮಗ್ಗಗಳ ನಡುವೆ ನೇಯುತ್ತಿದ್ದ ಹೆಂಗಸರು ತುಟಿ, ಮುಖ, ಕೈಗಳಿಂದಲೇ ಊರ ಸುದ್ದಿಯನ್ನೆಲ್ಲ ಹಂಚಿಕೊಳ್ಳುತ್ತಿದ್ದರು. ಅದಕ್ಕೆ 'ಮೀ-ಮಾ' ಎಂದು ಹೆಸರು. ಮ್ಯಾಂಚೆಸ್ಟರಿನ ಹಾಸ್ಯಗಾರ ಲೆಸ್ ಡಾಸನ್ ಹೆಣ್ಣುವೇಷದಲ್ಲಿ ಟೆಲಿವಿಷನ್ನಿನಲ್ಲಿ ಅನುಕರಿಸಿ ನಗಿಸಿದ್ದು ಇದನ್ನೇ. ಮನೆಯಲ್ಲಿ ಅಷ್ಟು ಬಾಯಿ ತಿರುಚಬೇಕಿಲ್ಲ. ಅತಿಯಾದರೆ ತುಟಿಯ ಆಕಾರ ಕೆಡುತ್ತದೆ. ಎದುರಿಗೆ, ಬೆಳಕಿನಲ್ಲಿ ಕುಳಿತು, ನಿಧಾನವಾಗಿ ಮಾತಾಡಿ. ಪ, ಬ, ಮ ಮೂರೂ ತುಟಿಯ ಮೇಲೆ ಒಂದೇ ರೀತಿ ಕಾಣುವುದರಿಂದ, ತಿಳಿಯದಿದ್ದರೆ ಅದೇ ಪದವನ್ನು ಕೂಗದೆ ಬೇರೆ ಪದ ಬಳಸಿ. ಟಿ.ವಿ. ಆರಿಸಿ. ಅಡಿಗೆಮನೆಯಿಂದ ಕೂಗುವುದನ್ನು ನಿಲ್ಲಿಸಿ.

ಗುಗ್ಗೆ ಹೋದ ಮೇಲೂ ಈ ಅಭ್ಯಾಸ ಉಳಿದರೆ ಯಾರೂ ಬೇಡವೆನ್ನಲಾರರು. ಅಷ್ಟಾದ ಮೇಲೂ ಕೇಳಿಸದಿದ್ದರೆ ಶ್ರವಣ ಪರೀಕ್ಷೆ ಮಾಡಿಸಿ. ಊರಿಗೆ ಹೋದಾಗಲೂ ಆಗಬಹುದು: ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಅಲ್ಲಿ ಕನ್ನಡದಲ್ಲೇ ವಿಚಾರಿಸುತ್ತಾರೆ.